ಬೇಸ್‌ಮೆಂಟಿನ ಸೈಕಲ್ ಮಾರೋ ಮುಂಚೆ: ಅಪ್‌ಗ್ರೇಡ್ ಎಲ್ಲಿಂದ ಶುರು ಮಾಡಬೇಕು?

ನಾನು ಪುಣೆಯಿಂದ ಮಾತಾಡ್ತಾ ಇದೀನಿ. ಮುಂಬೈ, ಚೆನ್ನೈ, ಹೈದರಾಬಾದ್, ದೆಹಲಿಯಲ್ಲಿರೋ ನಮ್ಮವರು ಈ ಚಾನೆಲ್ ನೋಡ್ತೀರಿ ಅಂತ ಗೊತ್ತು. ಇವತ್ತು ಹೇಳೋದು ಎಲ್ಲಾ ಊರಿಗೂ ಹೊಂದುತ್ತೆ, ಮಳೆ ಮತ್ತು ಸಮುದ್ರದ ಗಾಳಿಯ ವಿಷಯ ಮಾತ್ರ ಸ್ವಲ್ಪ ಬೇರೆ.

ನಿಮ್ಮ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿಗೆ ಒಂದ್ಸಲ ಇಳಿದು ನೋಡಿ. ಕಂಬದ ಪಕ್ಕ, ಕಾರುಗಳ ಹಿಂದೆ, ನಾಲ್ಕೈದು ಸೈಕಲ್ ಧೂಳು ಹಿಡಿದು ನಿಂತಿರುತ್ತವೆ. ಟೈರಲ್ಲಿ ಗಾಳಿ ಇಲ್ಲ, ಚೈನು ಕೆಂಪಗಾಗಿದೆ. ಅದರಲ್ಲಿ ಅರ್ಧಕ್ಕರ್ಧ 2020-21ರ ಲಾಕ್‌ಡೌನ್ ಕಾಲದಲ್ಲಿ ಕೊಂಡಿದ್ದು. ಆಗ ಅಂಗಡಿಯಲ್ಲಿ ಏನು ಸಿಗ್ತೋ ಅದನ್ನ ತಂದ್ವಿ. ಸಿಕ್ಕಿದ್ದು ಹೆಚ್ಚಾಗಿ ಮೌಂಟನ್ ಬೈಕು. ದಪ್ಪ ಹಲ್ಲಿನ ಟೈರು, ಮುಂದೆ ಸಸ್ಪೆನ್ಷನ್, 21 ಗೇರು. ಬೆಟ್ಟ ಹತ್ತೋಕೆ ಮಾಡಿದ ಸೈಕಲ್ಲಿನಲ್ಲಿ ಹಾಲು ತರೋಕೆ ಹೋಗ್ತಿದ್ವಿ.

ನನ್ನ ಟೀಮಿನಲ್ಲಿ ಧಾರವಾಡದವರು ಒಬ್ಬರಿದಾರೆ. ಮನೆ ಬಾಣೇರ್, ಆಫೀಸು ಹಿಂಜೇವಾಡಿ, ಒಂದು ಕಡೆಗೆ ಸುಮಾರು 11 ಕಿ.ಮೀ. ಕಾರಲ್ಲಿ ಹೋದರೆ ಸಂಜೆ ಹೊತ್ತು ಒಂದು ಗಂಟೆ ದಾಟುತ್ತೆ. ಸೈಕಲ್ಲಲ್ಲಿ ಬರೋಣ ಅಂತ ಒಂದು ವಾರ ಪ್ರಯತ್ನಪಟ್ಟು ಬಿಟ್ಟರು. "ಭಾಳ ಭಾರ ಐತ್ರಿ, ಎಷ್ಟ್ ತುಳದ್ರೂ ಮುಂದ ಹೋಗಂಗಿಲ್ಲ" ಅಂದ್ರು. ಅಂಗಡಿಗೆ ತೋರಿಸಿದ್ದಕ್ಕೆ, ಇದು ಹಳೇ 26 ಇಂಚಿನ ಮಾಡೆಲ್ಲು, ಇದಕ್ಕೆ ದುಡ್ಡು ಹಾಕಬೇಡಿ ಸಾರ್, ಹೊಸದು ತಗೊಳ್ಳಿ ಅಂದರಂತೆ. ಎಪ್ಪತ್ತು ಸಾವಿರದ ರೋಡ್ ಬೈಕು ಅವರ ಕಾರ್ಟಿನಲ್ಲಿ ಕೂತಿತ್ತು. ನಾನು ಒಂದೇ ಕೇಳಿದೆ: ಸೈಕಲ್ ಮುಂದೆ ಹೋಗದೇ ಇರೋದಕ್ಕೆ ಭಾರವೇ ಕಾರಣ ಅಂತ ಲೆಕ್ಕ ಹಾಕಿದೀರಾ?

ನಾವೆಲ್ಲ ಪ್ರೊಫೈಲಿಂಗ್ ಮಾಡದೆ ಆಪ್ಟಿಮೈಸ್ ಮಾಡಬಾರದು ಅಂತ ಜೂನಿಯರ್‌ಗಳಿಗೆ ಪಾಠ ಹೇಳ್ತೀವಿ. ಸೈಕಲ್ ವಿಷಯಕ್ಕೆ ಬಂದಾಗ ಮಾತ್ರ ಬೆರಳಲ್ಲಿ ಎತ್ತಿ ನೋಡಿ, ಭಾರ ಇದೆ, ಕೆಟ್ಟದು ಅಂತೀವಿ. ಹಾಗಾಗಿ ಸ್ವಲ್ಪ ಲೆಕ್ಕ ಹಾಕೋಣ. ಸವಾರ ಮತ್ತೆ ಸೈಕಲ್ ಸೇರಿ 95 ಕೆ.ಜಿ. ಇಟ್ಕೊಳ್ಳಿ, ವೇಗ ಗಂಟೆಗೆ 20 ಕಿ.ಮೀ., ಸಮತಟ್ಟು ರಸ್ತೆ. ಗಾಳಿ ತೆರವು ಮಾಡಿಕೊಂಡು ಹೋಗೋಕೆ, ನೆಟ್ಟಗೆ ಕೂತಿದ್ದರೆ, ಹತ್ತಿರ ಹತ್ತಿರ 60 ವಾಟ್ ಬೇಕು. ಉಳಿದದ್ದು ಟೈರು ಉರುಳೋಕೆ. ಗಾಳಿ ಕಮ್ಮಿ ಇರೋ ಹಲ್ಲಿನ ಟೈರಿಗೆ ರೋಲಿಂಗ್ ರೆಸಿಸ್ಟೆನ್ಸ್ 0.012 ಅಂತ ಹಿಡಿದರೆ ಅದೂ 60 ವಾಟಿನ ಆಸುಪಾಸು ಬರುತ್ತೆ. ನುಣುಪಾದ, ಸರಿಯಾಗಿ ಗಾಳಿ ತುಂಬಿದ ಟೈರಿಗೆ 0.006 ಹಿಡಿದರೆ 30 ವಾಟ್. ಅಂದರೆ ಟೈರು ಒಂದನ್ನೇ ಬದಲಾಯಿಸಿದರೆ ತುಳಿಯೋ ಶ್ರಮದಲ್ಲಿ ಕಾಲು ಭಾಗ ಹೋಯ್ತು. ಮೊದಲಿನಷ್ಟೇ ತುಳಿದರೆ 20ರ ಬದಲು 22-23ರಲ್ಲಿ ಹೋಗ್ತೀರಿ.

ಈಗ ಭಾರದ ಲೆಕ್ಕ. ಅವರ ಸೈಕಲ್ಲು ಹದಿನಾಲ್ಕೂವರೆ ಕೆ.ಜಿ., ಕಾರ್ಟಿನಲ್ಲಿದ್ದದ್ದು ಹತ್ತು. ನಾಲ್ಕೂವರೆ ಕೆ.ಜಿ.ಯನ್ನ 100 ಮೀಟರ್ ಎತ್ತರಕ್ಕೆ ಎತ್ತೋಕೆ ಸುಮಾರು 4,400 ಜೂಲ್. 120 ವಾಟ್ ಕೊಡೋ ಮನುಷ್ಯನಿಗೆ 37 ಸೆಕೆಂಡ್. ಬಾಣೇರಿಂದ ಹಿಂಜೇವಾಡಿಗೆ ಫ್ಲೈಓವರು, ಸೇತುವೆ ಎಲ್ಲ ಕೂಡಿಸಿ 50 ಮೀಟರ್ ಏರು ಅಂತ ಧಾರಾಳವಾಗಿ ಹಿಡಿದರೂ 20 ಸೆಕೆಂಡ್ ಉಳಿಯುತ್ತೆ. ಒಂದು ಸಿಗ್ನಲ್ಲಿನಲ್ಲಿ ಅದಕ್ಕಿಂತ ಹೆಚ್ಚು ನಿಂತಿರ್ತೀವಿ. ನ್ಯಾಯವಾಗಿ ಹೇಳಬೇಕಂದ್ರೆ ರೋಡ್ ಬೈಕಿನಲ್ಲಿ ಬಗ್ಗಿ ಕೂತರೆ ಗಾಳಿಯ ಲೆಕ್ಕ ಗಣನೀಯವಾಗಿ ಇಳಿಯುತ್ತೆ, ಅದು ನಿಜವಾದ ಲಾಭ. ಆದರೆ ಬೆನ್ನಿಗೆ ಲ್ಯಾಪ್‌ಟಾಪು, ಪಕ್ಕಕ್ಕೆ ಪಿಎಂಪಿ ಬಸ್ಸು, ಎದುರಿಗೆ ರಾಂಗ್ ಸೈಡಿನ ಸ್ಕೂಟರ್ ಇರೋವಾಗ ಡ್ರಾಪ್ ಹ್ಯಾಂಡಲ್ ಕೆಳಗಡೆ ಹಿಡಿದು ಬಗ್ಗಿ ಯಾರು ಓಡಿಸ್ತಾರೆ?

ಒಂದು ಸಣ್ಣ ಚರಿತ್ರೆ ಹೇಳಿಬಿಡ್ತೀನಿ, ಇದು ನನಗೆ ಬಹಳ ಇಷ್ಟ. ಹಳೇ ಸೈಕಲ್ಲಿಗೆ ದುಡ್ಡು ಹಾಕಬೇಡಿ ಅಂತಾರಲ್ಲ, ಮೌಂಟನ್ ಬೈಕ್ ಅನ್ನೋದು ಹುಟ್ಟಿದ್ದೇ ಹಳೇ ಸೈಕಲ್ಲನ್ನ ಅಪ್‌ಗ್ರೇಡ್ ಮಾಡಿ. 1970ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯಲ್ಲಿ ಒಂದಷ್ಟು ಹುಡುಗರು 1930ರ, 40ರ ದಶಕದ ಶ್ವಿನ್ ಸೈಕಲ್ಲುಗಳನ್ನ, ದಪ್ಪ ಬಲೂನ್ ಟೈರಿನವು, ಗುಜರಿಯಿಂದ ತಂದು ಬೆಟ್ಟದಿಂದ ಕೆಳಗೆ ಬಿಡ್ತಿದ್ರು. 1976ರಲ್ಲಿ ಶುರುವಾದ ಅವರ ರೇಸಿನ ಹೆಸರು ರಿಪ್ಯಾಕ್. ಯಾಕೆ ಆ ಹೆಸರು ಅಂದ್ರೆ, ಹಿಂದಿನ ಕೋಸ್ಟರ್ ಬ್ರೇಕು ಇಳಿಜಾರಿನಲ್ಲಿ ಕಾದು ಒಳಗಿನ ಗ್ರೀಸೆಲ್ಲ ಹೊಗೆಯಾಗಿ ಹೋಗ್ತಿತ್ತು, ಪ್ರತಿ ಸಲ ಹೊಸ ಗ್ರೀಸು ತುಂಬಬೇಕಿತ್ತು. ಆಮೇಲೆ ಒಳ್ಳೇ ಬ್ರೇಕು, ಡಿರೇಲರ್ ಗೇರು ಹಾಕಿದ್ರು. 1977ರಲ್ಲಿ ಜೋ ಬ್ರೀಜ್ ಇದಕ್ಕಂತಲೇ ಹೊಸ ಫ್ರೇಮು ಕಟ್ಟಿದರು. 1981ರಲ್ಲಿ ಸ್ಪೆಷಲೈಸ್ಡ್ ಕಂಪನಿಯ ಸ್ಟಂಪ್‌ಜಂಪರ್ ಬಂತು, ಅಲ್ಲಿಂದ ಕಾರ್ಖಾನೆಯ ಮಾಲಾಯ್ತು. ಆ ಹುಡುಗರು ಮೊದಲು ಕೈ ಹಾಕಿದ್ದು ಯಾವುದಕ್ಕೆ ನೋಡಿ: ಟೈರಿಗೆ, ಬ್ರೇಕಿಗೆ, ಗೇರಿಗೆ. ತೂಕಕ್ಕಲ್ಲ.

ಹಾಗಾಗಿ ಟೈರಿಂದ ಶುರು ಮಾಡೋಣ. ಅಂಗಡಿಗೆ ಹೋಗಿ 26 ಇಂಚಿನ ಟೈರು ಕೊಡಿ ಅಂದರೆ ಕಥೆ ಮುಗೀತು. 26 ಅನ್ನೋದು ಅಳತೆ ಅಲ್ಲ, ಹೆಸರು. ಟೈರಿನ ಪಕ್ಕದಲ್ಲಿ ಸಣ್ಣಕ್ಷರದಲ್ಲಿ 50-559 ಅಂತ ಎರಡು ಸಂಖ್ಯೆ ಇರುತ್ತೆ. ಮೊದಲನೇದು ಅಗಲ, ಎರಡನೇದು ರಿಮ್ಮಿನ ಮೇಲೆ ಟೈರು ಕೂರೋ ವ್ಯಾಸ, ಎರಡೂ ಮಿಲಿಮೀಟರಿನಲ್ಲಿ. ಆ ಎರಡನೇ ಸಂಖ್ಯೆ ಹೊಂದಲೇಬೇಕು. 26 ಇಂಚಿನ ಮೌಂಟನ್ ಬೈಕಿಗೆ 559. ಲೇಡೀಸ್ ಸೈಕಲ್ಲಿನ 26 ಇಂಟು 1 3/8 ಅನ್ನೋದು 590, ಅದು ಇದಕ್ಕೆ ಕೂರಲ್ಲ. 27.5 ಅಂದರೆ 584. ಇನ್ನು ತಮಾಷೆ ಅಂದ್ರೆ 29 ಇಂಚು ಅಂತ ಮಾರೋ ಮೌಂಟನ್ ಬೈಕು, 700ಸಿ ಅಂತ ಮಾರೋ ರೋಡ್ ಬೈಕು, ಎರಡೂ ಒಂದೇ, 622. ಅದೇ ನಮ್ಮ ಅಪ್ಪಂದಿರ ಕರೀ ಸೈಕಲ್ಲಿನ 28 ಇಂಟು 1½ ಇದೆಯಲ್ಲ, ಹೆಸರಲ್ಲಿ 28 ಆದರೂ ಅದು 635. ವೇರಿಯಬಲ್ಲಿಗೆ ಹೆಸರಿಡೋದು ಕಷ್ಟ ಅಂತೀವಲ್ಲ, ಇವರನ್ನ ನೋಡಿ ಸಮಾಧಾನ ಮಾಡ್ಕೋಬೇಕು.

ನನ್ನ ಸಹೋದ್ಯೋಗಿಗೆ 40-559 ಸ್ಲಿಕ್ ಟೈರು ಹಾಕಿದ್ವಿ. ಇನ್ನೂ ತೆಳ್ಳಗಿನದು ಹಾಕಿ ಅಂತ ಆಸೆ ಆಗುತ್ತೆ, ಹಾಕಬೇಡಿ. ರಸ್ತೆ ಒರಟಾಗಿದ್ದಾಗ ತೆಳ್ಳಗಿನ ಟೈರಿಗೆ ಕಲ್ಲಿನ ಹಾಗೆ ಗಾಳಿ ತುಂಬಿದರೆ ಸೈಕಲ್ಲು ಮುಂದಕ್ಕೆ ಹೋಗೋ ಬದಲು ಮೇಲೆ ಕೆಳಗೆ ಕುಣಿಯುತ್ತೆ, ಆ ಶಕ್ತಿ ಎಲ್ಲ ನಿಮ್ಮ ಸೊಂಟಕ್ಕೆ. ವೃತ್ತಿಪರ ರೋಡ್ ರೇಸಿನವರೇ 23 ಎಂಎಂ ಬಿಟ್ಟು 28ಕ್ಕೆ, ಅದಕ್ಕೂ ಮೇಲಕ್ಕೆ ಬಂದಿದ್ದಾರೆ. 40 ಎಂಎಂ ಟೈರು, 75-80 ಕೆ.ಜಿ. ಸವಾರ ಆದರೆ 45ರಿಂದ 55 ಪಿಎಸ್‌ಐ ಸಾಕು. ಗೇಜ್ ಇರೋ ಪಂಪು ಮನೇಲಿರಲಿ, ವಾರಕ್ಕೊಮ್ಮೆ ನೋಡಿ. ಕಾರಿನ ಟೈರಿನ ಹಾಗೆ ತಿಂಗಳುಗಟ್ಟಲೆ ಗಾಳಿ ನಿಲ್ಲಲ್ಲ.

ಟೈರು ವೇಗದ ವಿಷಯ. ಬ್ರೇಕು ಹಾಗಲ್ಲ. ಜುಲೈ ತಿಂಗಳು, ಸಂಜೆ ಏಳು ಗಂಟೆ, ಹೈವೇ ಫ್ಲೈಓವರಿಂದ ಇಳೀತಿದೀರಿ, ಮುಂದೆ ರಿಕ್ಷಾ ಸಡನ್ನಾಗಿ ನಿಲ್ತು. ಒದ್ದೆ ರಿಮ್ಮಿನ ಮೇಲೆ ವಿ-ಬ್ರೇಕ್ ಮೊದಲು ನೀರು ಒರೆಸಿ ಆಮೇಲೆ ಹಿಡಿಯೋಕೆ ಶುರು ಮಾಡುತ್ತೆ. ಆ ಒಂದೆರಡು ಚಕ್ರ ಸುತ್ತೋ ಅಂತರದಲ್ಲೇ ಎಲ್ಲಾ ತೀರ್ಮಾನ ಆಗೋದು. ನನಗೆ ಯಾರಾದರೂ ಐದು ಸಾವಿರ ಇದೆ, ಎಲ್ಲಿ ಹಾಕಲಿ ಅಂದರೆ ಬ್ರೇಕು ಮುಗಿಸಿ ಆಮೇಲೆ ಬೇರೆ ಮಾತು ಅಂತೀನಿ.

ಹೊಸ ಬ್ರೇಕೇ ಬೇಕು ಅಂತಿಲ್ಲ. ಅರ್ಧದಷ್ಟು ಸೈಕಲ್ಲುಗಳಲ್ಲಿ ಕೆಟ್ಟಿರೋದು ಬ್ರೇಕಲ್ಲ, ಕೇಬಲ್ಲು. ತುಕ್ಕು ಹಿಡಿದ ಒಳವೈರು, ಬಾಗಿದ ಹೊರಕವಚ, ನೀವು ಒತ್ತಿದ ಬಲದಲ್ಲಿ ಅರ್ಧ ಅಲ್ಲೇ ಹೋಗುತ್ತೆ. ಒಳ-ಹೊರ ಎರಡೂ ಬದಲಾಯಿಸಿ, ಪ್ಯಾಡು ಹೊಸದು ಹಾಕಿ. ಇಲ್ಲಿ ಒಂದು ಎಚ್ಚರಿಕೆ. ಗೇರಿನ ಹೊರಕವಚ ನೋಡೋಕೆ ಬ್ರೇಕಿನ ಕವಚದ ಹಾಗೇ ಇರುತ್ತೆ, ಆದರೆ ಒಳಗಿನ ರಚನೆ ಬೇರೆ. ಅದರಲ್ಲಿ ತಂತಿಗಳು ಉದ್ದಕ್ಕೆ ಇರುತ್ತವೆ, ಬ್ರೇಕಿನದರಲ್ಲಿ ಸುರುಳಿ ಸುತ್ತಿರುತ್ತೆ. ಗೇರಿನ ಕವಚವನ್ನ ಬ್ರೇಕಿಗೆ ಹಾಕಿದರೆ ಜೋರಾಗಿ ಹಿಡಿದಾಗ ಒಡೆದುಹೋಗಬಹುದು, ಅಂದರೆ ತುಂಬ ಬೇಕಾದಾಗಲೇ. ರಸ್ತೆ ಬದಿಯಲ್ಲಿ ಕೇಬಲ್ ಹಾಕಿಸ್ತಿದ್ದರೆ ಪಕ್ಕದಲ್ಲೇ ನಿಂತು ನೋಡಿ.

ಡಿಸ್ಕ್ ಬ್ರೇಕು ಇದ್ದವರಿಗೆ ಮಳೆ ಅಷ್ಟು ಸಮಸ್ಯೆ ಅಲ್ಲ. ಆದರೆ ಕೇಬಲ್ ಎಳೆಯೋ ಅಗ್ಗದ ಡಿಸ್ಕಿನಲ್ಲಿ ಒಂದು ಕಡೆ ಪ್ಯಾಡು ಮಾತ್ರ ಚಲಿಸುತ್ತೆ, ಇನ್ನೊಂದು ಸುಮ್ಮನೆ ನಿಂತಿರುತ್ತೆ. ಸವೆದ ಹಾಗೆ ಆ ನಿಂತಿರೋದನ್ನ ಸ್ಕ್ರೂ ತಿರುಗಿಸಿ ಒಳಗೆ ತರಬೇಕು. ಇದನ್ನ ಮಾಡದೇ ಡಿಸ್ಕ್ ಬ್ರೇಕು ಹಿಡಿಯಲ್ಲ ಅಂತ ಬೈಕೊಂಡು ಓಡಾಡೋರೇ ಜಾಸ್ತಿ. ಚೈನಿಗೆ ಸ್ಪ್ರೇ ಹೊಡೆಯೋವಾಗ ಹಿಂದಿನ ರೋಟರಿಗೆ ಬಟ್ಟೆ ಮುಚ್ಚಿ. ಒಂದು ಹನಿ ಎಣ್ಣೆ ಪ್ಯಾಡಿಗೆ ಹೀರಿಕೊಂಡರೆ ಆ ಪ್ಯಾಡು ಎಸೆಯಬೇಕು.

ಡಿಸ್ಕ್ ಇಲ್ಲದ ಫ್ರೇಮಿಗೆ ಡಿಸ್ಕ್ ಹಾಕಿಸೋಣ, ವೆಲ್ಡಿಂಗ್ ಅಂಗಡಿಯಲ್ಲಿ ಒಂದು ಪಟ್ಟಿ ಅಂಟಿಸಿಬಿಡ್ತಾರೆ ಅಂತ ಕೆಲವರು ಹೇಳ್ತಾರೆ. ದಯವಿಟ್ಟು ಬೇಡ. ಅಲ್ಯೂಮಿನಿಯಂ ಫ್ರೇಮಿಗೆ ಶಕ್ತಿ ಬರೋದು ಕಾರ್ಖಾನೆಯಲ್ಲಿ ವೆಲ್ಡ್ ಆದಮೇಲೆ ಮಾಡೋ ಶಾಖ ಸಂಸ್ಕರಣೆಯಿಂದ. ಮತ್ತೆ ಅಲ್ಲೇ ಕಾಯಿಸಿದರೆ ಆ ಜಾಗ ಮೆತ್ತಗಾಗುತ್ತೆ. ಸಾಲದ್ದಕ್ಕೆ ಡಿಸ್ಕ್ ಬ್ರೇಕಿನ ಬಲವೆಲ್ಲ ಬೀಳೋದು ಅದೇ ಜಾಗಕ್ಕೆ. ಫ್ರೇಮು ಅನ್ನೋದು ಇಂಟರ್‌ಫೇಸ್ ಇದ್ದ ಹಾಗೆ, ಅದು ಏನನ್ನ ಒಪ್ಪಿಕೊಳ್ಳಲ್ಲ ಅಂತ ಹೇಳುತ್ತೋ ಅದನ್ನ ಗೌರವಿಸಬೇಕು.

ಗೇರಿನ ಬಗ್ಗೆ ಬೇಗ ಹೇಳಿ ಮುಗಿಸ್ತೀನಿ, ಯಾಕಂದ್ರೆ ಬಹಳ ಜನಕ್ಕೆ ಇದು ಬೇಕಾಗೇ ಇಲ್ಲ. 21 ಇದೆ, 27 ಬೇಕು ಅಂತಾರೆ. ಮುಂದೆ 42 ಹಲ್ಲು, ಹಿಂದೆ 14 ಹಲ್ಲು ಅಂದರೆ ಒಂದು ತುಳಿತಕ್ಕೆ ಚಕ್ರ ಮೂರು ಸುತ್ತು. ಚಕ್ರದ ಸುತ್ತಳತೆ ಹೆಚ್ಚುಕಮ್ಮಿ 2 ಮೀಟರ್. ನಿಮಿಷಕ್ಕೆ 80 ಸಲ ತುಳಿದರೆ ಗಂಟೆಗೆ ಸುಮಾರು 29 ಕಿ.ಮೀ. ಆಫೀಸಿಗೆ ಹೋಗೋಕೆ ಅದಕ್ಕಿಂತ ಏನು ಬೇಕು? ಬೇಕಾದದ್ದು ಹೊಸ ಚೈನು. ಸ್ಕೇಲ್ ಇಟ್ಟು ನೋಡಿ: ಹೊಸ ಚೈನಿನಲ್ಲಿ ಪಿನ್ನಿಂದ ಪಿನ್ನಿಗೆ 12 ಕೊಂಡಿ ಸರಿಯಾಗಿ 12 ಇಂಚು. ಒಂದು ಇಂಚಿನ ಹದಿನಾರನೇ ಒಂದು ಭಾಗದಷ್ಟು ಜಾಸ್ತಿ ಬಂತು ಅಂದರೆ ಅರ್ಧ ಪರ್ಸೆಂಟ್ ಸವೆದಿದೆ, ಬದಲಾಯಿಸೋ ಹೊತ್ತು. ಚೈನು ಅಗ್ಗ, ಅದು ತಿಂದುಹಾಕೋ ಹಲ್ಲುಚಕ್ರಗಳು ಅಲ್ಲ.

ಗೇರು ಹೆಚ್ಚಿಸಲೇಬೇಕು ಅನ್ನೋರು ಹಿಂದಿನ ಹಬ್ ನೋಡಿ. ಅಗ್ಗದ ಸೈಕಲ್ಲಿನಲ್ಲಿ ಫ್ರೀವೀಲ್ ಇರುತ್ತೆ, ಅಂದರೆ ಹಲ್ಲುಚಕ್ರಗಳ ಇಡೀ ಗಡ್ಡೆಯೇ ಹಬ್ಬಿನ ಥ್ರೆಡ್ಡಿಗೆ ತಿರುಪಿರುತ್ತೆ. ಬಲಗಡೆ ಬೇರಿಂಗು ಒಳಗೆ ದೂರ ಕೂತಿರೋದರಿಂದ ಆ್ಯಕ್ಸಲ್ಲಿನ ತುದಿಗೆ ಆಧಾರ ಇರಲ್ಲ, ದಪ್ಪ ಸವಾರ, ಗುಂಡಿ ರಸ್ತೆ ಎರಡೂ ಸೇರಿದರೆ ಬಾಗುತ್ತೆ, ಮುರಿಯುತ್ತೆ. ಸ್ವಲ್ಪ ಮೇಲಿನ ಸೈಕಲ್ಲುಗಳಲ್ಲಿ ಫ್ರೀಹಬ್, ಅದರ ಮೇಲೆ ಜಾರಿಸಿ ಹಾಕೋ ಕ್ಯಾಸೆಟ್. ಫ್ರೀವೀಲಿನ ಹಬ್ಬಿಗೆ ಕ್ಯಾಸೆಟ್ ಹಾಕೋಕಾಗಲ್ಲ. 9 ಸ್ಪೀಡ್ ಬೇಕು ಅಂದರೆ ಹಬ್ಬು, ಅಂದರೆ ಹಿಂದಿನ ಚಕ್ರವೇ, ಆಮೇಲೆ ಕ್ಯಾಸೆಟ್, ಚೈನು, ಶಿಫ್ಟರ್. ಒಂದು ಲೈಬ್ರರಿ ಅಪ್‌ಡೇಟ್ ಮಾಡೋಕೆ ಹೋಗಿ ಇಡೀ ಬಿಲ್ಡ್ ಮುರಿದ ಹಾಗೆ. ಅಷ್ಟು ದೂರ ಹೋಗೋ ಹಾಗಿದ್ದರೆ ಆಗ ಹೊಸ ಸೈಕಲ್ಲಿನ ಯೋಚನೆ ಸರಿ, ನಾನೇ ಹೇಳ್ತೀನಿ. ರೋಡ್ ಬೈಕಿನವರಿಗೂ ಒಂದು ಮಾತು: ಶಿಮಾನೋದಲ್ಲಿ 9 ಸ್ಪೀಡಿನವರೆಗೆ ರೋಡ್ ಶಿಫ್ಟರಿಗೆ ಮೌಂಟನ್ ಬೈಕಿನ ಹಿಂದಿನ ಡಿರೇಲರ್ ಹೊಂದುತ್ತೆ, ಘಾಟಿ ಹತ್ತೋರಿಗೆ ಇದೊಂದು ವರ. 10 ಸ್ಪೀಡಿಂದ ಕೇಬಲ್ ಎಳೆಯೋ ಪ್ರಮಾಣ ಬೇರೆ ಬೇರೆ ಆಯ್ತು, ಹೊಂದಲ್ಲ. ಮುಂದಿನ ಡಿರೇಲರ್ ಅಂತೂ ಮೊದಲಿಂದಲೂ ಬೇರೆಯೇ.

ಇನ್ನು ದುಡ್ಡೇ ಖರ್ಚಾಗದ ಅಪ್‌ಗ್ರೇಡು: ಸೀಟಿನ ಎತ್ತರ. ನಮ್ಮಲ್ಲಿ ಕೂತಾಗ ಎರಡೂ ಕಾಲು ನೆಲಕ್ಕೆ ತಾಗಬೇಕು ಅಂತ ಚಿಕ್ಕಂದಿನಿಂದ ತಲೇಲಿ ಕೂತುಬಿಟ್ಟಿದೆ. ಹಾಗೆ ಕೂತರೆ ಮಂಡಿ ಪೂರ್ತಿ ಬಿಚ್ಚಲ್ಲ, ಎರಡು ವಾರಕ್ಕೆ ಮಂಡಿ ನೋವು, ಸೈಕಲ್ ಮತ್ತೆ ಬೇಸ್‌ಮೆಂಟಿಗೆ. ಟೂರ್ ದ ಫ್ರಾನ್ಸ್ ಮೂರು ಸಲ ಗೆದ್ದ ಗ್ರೆಗ್ ಲೆಮಾಂಡ್ ಹೆಸರಲ್ಲಿ ಒಂದು ಸೂತ್ರ ಇದೆ. ಬರಿಗಾಲಲ್ಲಿ ನಿಂತು ತೊಡೆಸಂದಿನಿಂದ ನೆಲಕ್ಕೆ ಅಳೆಯಿರಿ, 0.883ರಿಂದ ಗುಣಿಸಿ. ಅಷ್ಟು ದೂರ ಕ್ರ್ಯಾಂಕಿನ ನಡುವಿನಿಂದ ಸೀಟಿನ ಮೇಲ್ಭಾಗಕ್ಕೆ ಇರಬೇಕು. 78 ಸೆಂ.ಮೀ. ಕಾಲಿನವರಿಗೆ ಸುಮಾರು 69 ಸೆಂ.ಮೀ. ಶುರುವಿಗೆ ಒಂದು ಸೆಂಟಿಮೀಟರ್ ಕಮ್ಮಿ ಇಟ್ಟು ಅಭ್ಯಾಸ ಮಾಡ್ಕೊಳ್ಳಿ. ಸೀಟ್‌ಪೋಸ್ಟಿನ ಮೇಲೆ ಕೆತ್ತಿರೋ ಗೆರೆ ಹೊರಗೆ ಕಾಣೋವರೆಗೆ ಎತ್ತಬಾರದು. ಉದ್ದನೇ ಪೋಸ್ಟ್ ತರ್ತೀರಾದರೆ ಹಳೇದರ ಮೇಲಿರೋ ವ್ಯಾಸ ಓದಿ, 27.2, 30.9, 31.6 ಹೀಗೆ ಇರುತ್ತೆ, ಎರಡು ದಶಾಂಶ ವ್ಯತ್ಯಾಸ ಆದರೂ ಕೂರಲ್ಲ. ಮುಂಬೈ, ಚೆನ್ನೈನವರು ವರ್ಷಕ್ಕೊಂದ್ಸಲ ಅದನ್ನ ಎಳೆದು ಗ್ರೀಸ್ ಹಚ್ಚಿ ಹಾಕಿ. ಉಪ್ಪಿನ ಗಾಳಿಗೆ ಸ್ಟೀಲ್ ಫ್ರೇಮು, ಅಲ್ಯೂಮಿನಿಯಂ ಪೋಸ್ಟು ಎರಡೂ ಕಚ್ಚಿಕೊಂಡುಬಿಟ್ಟರೆ ಬಿಡಿಸೋದು ದೇವರಿಗೇ ಪ್ರೀತಿ.

ಮುಂದಿನ ಸಸ್ಪೆನ್ಷನ್ ತೆಗೆದು ರಿಜಿಡ್ ಫೋರ್ಕ್ ಹಾಕೋದೂ ಒಂದು ದಾರಿ, ಕೆ.ಜಿ.ಗೂ ಹೆಚ್ಚು ಇಳಿಯುತ್ತೆ. ಆದರೆ ಆ್ಯಕ್ಸಲ್ಲಿಂದ ಕಿರೀಟದವರೆಗಿನ ಉದ್ದ ಹಳೇದಕ್ಕೆ ಹತ್ತಿರ ಇರಬೇಕು. 20 ಎಂಎಂ ಕಮ್ಮಿಯಾದರೆ ಮುಂಭಾಗದ ಕೋನ ಹತ್ತಿರ ಹತ್ತಿರ ಒಂದು ಡಿಗ್ರಿ ಬದಲಾಗುತ್ತೆ, ಹ್ಯಾಂಡಲ್ಲು ತೊಡಗುಣಿ ಆಗುತ್ತೆ. ಇರೋ ಫೋರ್ಕು ಅಲ್ಲಾಡದೇ ಇದ್ದರೆ ನಾನಂತೂ ಮುಟ್ಟಲ್ಲ. ಆ ದುಡ್ಡಿಗೆ ಹಿಂದೆ ಕ್ಯಾರಿಯರ್, ಪೂರ್ತಿ ಉದ್ದದ ಮಡ್‌ಗಾರ್ಡ್, ಒಳ್ಳೇ ಲೈಟು ತರ್ತೀನಿ. ಲ್ಯಾಪ್‌ಟಾಪ್ ಬೆನ್ನಿಂದ ಕ್ಯಾರಿಯರಿಗೆ ಇಳಿದ ದಿನ ಶರ್ಟು ಒಣಗಿರುತ್ತೆ. ದೆಹಲಿಯ ಜನವರಿ ಮಂಜಿನಲ್ಲಿ ಓಡಿಸೋರಿಗೆ ಹಿಂದಿನ ಲೈಟು ಆಯ್ಕೆಯ ವಿಷಯವೇ ಅಲ್ಲ.

ಪಟ್ಟಿ ಕೇಳಿದೋರಿಗೆ ನನ್ನ ಸಹೋದ್ಯೋಗಿಯ ಬಿಲ್ಲು: ಟೈರು-ಟ್ಯೂಬು 2,600, ಬ್ರೇಕ್ ಕೇಬಲ್ಲು-ಪ್ಯಾಡು 900, ಚೈನು-ಫ್ರೀವೀಲು 1,400, ಕ್ಯಾರಿಯರ್-ಮಡ್‌ಗಾರ್ಡು 2,100, ಎರಡು ಲೈಟು 1,500, ಕೂಲಿ 1,000. ಒಟ್ಟು 9,500. ವಾರಕ್ಕೆ ಮೂರು ದಿನ ಬರ್ತಾರೆ. ಮಳೆ ಜೋರಿದ್ದರೆ ಇಲ್ಲ, ಅದರಲ್ಲಿ ವೀರತನ ಏನೂ ಬೇಡ. ಅವರು ಆಫೀಸಿಗೆ ಹಿಡಿಯೋ ಹೈವೇನೇ ಮುಂದೆ ಬೆಳಗಾವಿ, ಹುಬ್ಬಳ್ಳಿ ದಾಟಿ ಬೆಂಗಳೂರಿಗೆ ಹೋಗೋದು. ಒಂದಿನ ಹಿಂಗ ಬಿಟ್ರ ಧಾರವಾಡಕ್ಕ ಹೋಗಿ ಬಿಡ್ತೇನಿ ಅಂತಾರೆ, ಹೋಗಲ್ಲ ಅಂತ ಇಬ್ಬರಿಗೂ ಗೊತ್ತು.

ಇಷ್ಟೆಲ್ಲ ಮಾಡೋ ಮುಂಚೆ ಒಂದು ಕೆಲಸ. ಸೈಕಲ್ ತೊಳೆದು, ತಲೆಕೆಳಗು ಮಾಡಿ, ಫ್ರೇಮಿನ ಬೆಸುಗೆಗಳನ್ನ ಟಾರ್ಚ್ ಹಾಕಿ ನೋಡಿ. ಮುಖ್ಯವಾಗಿ ಹ್ಯಾಂಡಲ್ಲಿನ ಕೆಳಗೆ ಎರಡು ಕೊಳವೆ ಸೇರೋ ಜಾಗ, ಮತ್ತೆ ಕ್ರ್ಯಾಂಕಿನ ಸುತ್ತ. ಬಣ್ಣದಲ್ಲಿ ಕೂದಲೆಳೆಯ ಗೆರೆ ಕಂಡರೆ ಉಗುರು ಎಳೆದು ನೋಡಿ, ಉಗುರು ಸಿಕ್ಕಿಕೊಂಡರೆ ಅಲ್ಲಿಗೆ ನಿಲ್ಲಿಸಿ. ಸ್ಟೀಲಾದರೆ ಒಳ್ಳೇ ಕೆಲಸಗಾರ ಸರಿ ಮಾಡಬಹುದು. ಅಲ್ಯೂಮಿನಿಯಂ ಆದರೆ ಅದು ಗುಜರಿಗೆ, ಯಾರಿಗೂ ಮಾರಬೇಡಿ, ಕೆಲಸದವರ ಮಗನಿಗೆ ಕೊಡ್ತೀನಿ ಅಂತಲೂ ಬೇಡ.

ಖಾಲಿ ಫ್ರೇಮು ತಂದು ಮೊದಲಿಂದ ಕಟ್ಟೋದು ಅಗ್ಗ ಅಲ್ವಾ ಅಂತ ಪ್ರತಿ ಸಲ ಒಬ್ಬರಾದ್ರೂ ಕೇಳ್ತಾರೆ. ಅಲ್ಲ. ಕಂಪನಿಗೆ ಸಾವಿರಗಟ್ಟಲೆ ಕೊಳ್ಳೋ ಬೆಲೆ, ನಮಗೆ ಬಿಡಿ ಬೆಲೆ. ಕಲಿಯೋ ಆಸೆಗೆ ಕಟ್ಟಿ, ಉಳಿತಾಯಕ್ಕಲ್ಲ. ಬಿಡಿಭಾಗ ಹುಡುಕೋರು ದೆಹಲಿಯಲ್ಲಿದ್ದರೆ ಝಂಡೇವಾಲಾನ್ ಸೈಕಲ್ ಮಾರ್ಕೆಟ್ಟಿಗೆ ಒಂದು ಶನಿವಾರ ಕೊಡಿ, ಬೇಡದೇ ಇರೋದನ್ನೂ ತರ್ತೀರಿ.

ನಿಮ್ಮ ಬೀದಿಯ ಮಿಸ್ತ್ರಿಯನ್ನ ಕಡೆಗಣಿಸಬೇಡಿ. ಚಕ್ರದ ಡೊಂಕು ತೆಗೆಯೋದರಲ್ಲಿ ಎಸಿ ಶೋರೂಮಿನವರಿಗಿಂತ ಅವರ ಕೈ ಪಳಗಿರುತ್ತೆ. ಅವರ ಹತ್ತಿರ ಸಾಮಾನ್ಯವಾಗಿ ಇಲ್ಲದಿರೋದು ಉಪಕರಣ. ಕ್ರ್ಯಾಂಕ್ ಪುಲ್ಲರ್ ಇಲ್ಲದಿದ್ದಾಗ ಸುತ್ತಿಗೆ ಬರುತ್ತೆ. ಹಾಗಾಗಿ ಕ್ರ್ಯಾಂಕ್ ಪುಲ್ಲರ್, ಫ್ರೀವೀಲ್ ರಿಮೂವರ್, ಚೈನ್ ಟೂಲ್ ನೀವೇ ಕೊಂಡು ಜೊತೆಗೆ ಒಯ್ಯಿರಿ. ಮನೇಲೇ ಬಿಚ್ಚೋರು ಎರಡು ನೆನಪಿಡಿ: ಎಡಗಡೆ ಪೆಡಲ್ಲು ಉಲ್ಟಾ ಥ್ರೆಡ್ಡು, ಸಾಮಾನ್ಯ ಥ್ರೆಡ್ಡಿನ ಬಾಟಮ್ ಬ್ರಾಕೆಟ್ಟಿನಲ್ಲಿ ಬಲಗಡೆಯ ಕಪ್ಪು ಉಲ್ಟಾ. ಬಿಗಿಯಾಗಿದೆ ಅಂತ ಬಲ ಹಾಕೋ ಮುಂಚೆ ಯಾವ ಕಡೆ ತಿರುಗಿಸ್ತಿದೀರಿ ನೋಡ್ಕೊಳ್ಳಿ.

ಪ್ರಶ್ನೆ ಇದ್ದರೆ ಕೆಳಗೆ ಬರೀರಿ. ಯಾವ ಕಂಪನಿ, ಎಷ್ಟಕ್ಕೆ ಕೊಂಡ್ರಿ ಅನ್ನೋದು ಬೇಡ. ಟೈರಿನ ಪಕ್ಕದ ಆ ಎರಡು ಸಂಖ್ಯೆ, ಹಿಂದಿನ ಹಬ್ಬಿನ ಒಂದು ಫೋಟೋ, ಬ್ರೇಕು ಯಾವ ಥರದ್ದು, ದಿನಕ್ಕೆ ಎಷ್ಟು ಕಿಲೋಮೀಟರ್. ಅಷ್ಟಿದ್ದರೆ ಸಾಕು, ವಾರಾಂತ್ಯದಲ್ಲಿ ಕೂತು ಉತ್ತರ ಕೊಡ್ತೀನಿ.